ನಡುವಿನ ತಂತಿಯಿಂದ

"ಇದೊಂದು ಸುತ್ತು, ಆಯ್ತು!" ಎನ್ನುತ್ತ ಸ್ಪ್ಯಾನರ್ ಎಳೆದ ಭಾವಮೈದನ ಕೈ ಜಾರಿ ಬೆರಳ ಗೆಣ್ಣು ಕಂಬಕ್ಕೆ ಬಡಿಯಿತು. ಬಾಯಿಗೆ ಬಂದ ಬೈಗುಳವನ್ನು ಆತ ಅಲ್ಲೇ ನುಂಗಿಕೊಂಡ. ಒಳಗೆ ಹಾಲ್‌ನಲ್ಲಿ ಅವನ ಅಕ್ಕನ ಗಂಡನ ಶವವಿತ್ತು. ಇವತ್ತೊಂದು ದಿನ ನಾಲಿಗೆ ಹಿಡಿತದಲ್ಲಿರಬೇಕು.

ಮನೆ ಮುಂದಿನ ಮರದ ಜಗಲಿ, ಎಲ್ಲರ ಬಾಯಲ್ಲಿ ಡೆಕ್, ನೆಲದಿಂದ ಆರಡಿ ಎತ್ತರ. ಅದರ ಅಂಚಿಗೆ ಐದು ಉಕ್ಕಿನ ಕಂಬ, ರೇಲಿಂಗಿಗೆಂದು ಕಂಬಗಳ ತೂತಿನಲ್ಲಿ ಪೋಣಿಸಿದ ಹತ್ತು ಸಾಲು ಉಕ್ಕಿನ ತಂತಿಯ ಕೇಬಲ್. ಪೋಣಿಸಿದವರು ಈಗ ಒಳಗೆ ಮಲಗಿದ್ದರು. ಬಿಗಿಯುವುದೊಂದು ಬಾಕಿ. ನಾಲ್ಕು ಗಂಟೆಗೆ ಶವ ಒಯ್ಯುವ ವ್ಯಾನ್ ಬರುತ್ತದೆ, ಅಷ್ಟರಲ್ಲಿ ನಲವತ್ತು ಜನ ಸೇರುತ್ತಾರೆ. ಹಾಲ್‌ನಲ್ಲಿ ಹದಿನೈದು ಜನ ನಿಂತರೆ ಹದಿನಾರನೆಯವರು ಉಸಿರಾಡಲು ಹೊರಗೆ ಬರಬೇಕು. ಉಳಿದವರಿಗೆಲ್ಲ ಈ ಡೆಕ್ಕೇ ಗತಿ.

"ಮಾವ, ಮೇಲಿನದು ಮತ್ತೆ ಸಡಿಲ ಆಯ್ತಲ್ಲ," ಎಂದಳು ಸತ್ತವರ ಮಗಳು.

"ಸಡಿಲಾನಾ? ಈಗ ತಾನೆ ಜೀವ ಹೋಗೋ ಹಾಗೆ ಬಿಗಿದೆ—" ಎಂದವನೇ ನಾಲಿಗೆ ಕಚ್ಚಿಕೊಂಡ.

ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ನಟ್ ಇರುವ ಯಾವ ವಸ್ತುವಾದರೂ ತನ್ನ ಮಾತು ಕೇಳುತ್ತದೆಂಬ ಧೈರ್ಯದಲ್ಲಿ ಮೇಲಿನ ಕೇಬಲ್‌ನಿಂದ ಶುರುಮಾಡಿದ್ದ. ಮೂರನೆಯದನ್ನು ಬಿಗಿದರೆ ಮೊದಲಿನದು ಜೋತುಬೀಳುತ್ತಿತ್ತು. ಮೊದಲಿನದನ್ನು ಮತ್ತೆ ಬಿಗಿದರೆ ಕೊನೆಯ ಕಂಬ ಒಳಕ್ಕೆ ವಾಲುತ್ತಿತ್ತು.

ಪಕ್ಕದ ಮನೆ ಮೇಷ್ಟ್ರು ಚಹದ ಲೋಟ ಹಿಡಿದು ನೋಡುತ್ತಿದ್ದರು. "ಬಿಟ್ಬಿಡಪ್ಪ. ಇವತ್ತಿನ ಮಟ್ಟಿಗೆ ಒಂದು ಹಗ್ಗ ಕಟ್ಟಿದ್ರಾಯ್ತು."

"ಯಾರ್ರೀ ಅದು ಹಗ್ಗ ಅಂದಿದ್ದು?"

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಕಣ್ಣು ಊದಿಕೊಂಡಿದ್ದವು, ದನಿ ಮಾತ್ರ ಕುಗ್ಗಿರಲಿಲ್ಲ.

"ಊರಿಗೆಲ್ಲ ರೇಲಿಂಗ್ ಹಾಕ್ಕೊಟ್ಟು ನಮ್ಮನೇಗೆ ಹತ್ತೊಂಬತ್ತು ವರ್ಷ ಹಗ್ಗ ಕಟ್ಟಿದ್ರು. ಅದರ ಮೇಲೆ ಬಟ್ಟೆ ಒಣಹಾಕಿ ಹಾಕಿ ಸಾಕಾಗಿದೆ ನನಗೆ. ಅವರು ಯಾರ ಮನೆ ಕೆಲಸಾನೂ ಅರ್ಧಕ್ಕೆ ಬಿಟ್ಟೋರಲ್ಲ. ನಮ್ಮನೇದೂ ಮುಗಿದ ಮೇಲೇನೇ ಹೊರಡ್ತಾರೆ. ಕೊಡೋ ಇಲ್ಲಿ ಸ್ಪ್ಯಾನರ್."

"ಅಕ್ಕಾ, ಇವತ್ತು ನೀನು..."

"ಇವತ್ತು ನಾನು ಏನು, ಅಳ್ಬೇಕಾ? ಬೆಳಗ್ಗೆಯಿಂದ ಅತ್ತಿದೀನಿ. ನಾಲ್ಕು ಗಂಟೆ ಮೇಲೆ ಮತ್ತೆ ಅಳ್ತೀನಿ. ಸರಿ ಆ ಕಡೆ!"

*

ಮೊಮ್ಮಗಳು ಅಂಬೆಗಾಲಿಡಲು ಶುರುಮಾಡದೇ ಇದ್ದಿದ್ದರೆ ಇಪ್ಪತ್ತನೆಯ ವರ್ಷವೂ ಹಗ್ಗದಲ್ಲೇ ಕಳೆಯುತ್ತಿತ್ತು. ಮಗು ಒಂದು ಭಾನುವಾರ ಡೆಕ್‌ನ ಅಂಚಿನವರೆಗೆ ಹೋಗಿ ಕೆಳಗೆ ಇಣುಕಿ ಕೇಕೆ ಹಾಕಿತು. ಅಜ್ಜ ಮರುದಿನವೇ ಅಳತೆಪಟ್ಟಿ ಹಿಡಿದರು.

"ಅಂತೂ ಬುದ್ಧಿ ಬಂತು," ಎಂದರು ಹೆಂಡತಿ.

"ಇಷ್ಟು ದಿನ ಹಾಕದೇ ಇದ್ದಿದ್ದು ಹೆದರಿಕೆಗೆ ಕಣೇ. ಬೇರೆಯವರ ಮನೇಲಿ ತಪ್ಪಾದ್ರೆ ಒಂದು ಸಲ ಬೈಸ್ಕೊಂಡು ಬರ್ಬಹುದು. ಇಲ್ಲಿ ತಪ್ಪಾದ್ರೆ ದಿನಾ ಮೂರು ಹೊತ್ತು ಊಟದ ಜೊತೆ ಬೈಸ್ಕೋಬೇಕು."

ಆಕೆ ಬೈಯುತ್ತಲೇ ಕೇಬಲ್‌ನ ಇನ್ನೊಂದು ತುದಿ ಹಿಡಿದರು. ಕೆಲಸದವರು ಕೈಕೊಟ್ಟ ದಿನಗಳಲ್ಲೆಲ್ಲ ಎಷ್ಟೋ ಮನೆಗಳಲ್ಲಿ ಹಿಡಿದ ತುದಿ ಅದು.

*

"ಮೊದಲು ಎಲ್ಲಾ ಬಿಚ್ಚು," ಎಂದರು ಅಕ್ಕ ತೋಳು ಮಡಚಿಕೊಳ್ಳುತ್ತ. "ಈಗ ನಡುವಿಂದ. ಐದನೇದು, ಆಮೇಲೆ ಆರು. ನಾಲ್ಕು, ಆಮೇಲೆ ಏಳು. ಒಂದು ಮೇಲೆ, ಒಂದು ಕೆಳಗೆ. ಆಗ ಕಂಬಕ್ಕೂ ಕೋಪ ಬರಲ್ಲ."

ತಮ್ಮ ಒಂದು ತುದಿಗೆ, ಅಕ್ಕ ಇನ್ನೊಂದು ತುದಿಗೆ. ಬಂದವರು ಒಳಗೆ ಹೋಗಿ ಕೈಮುಗಿದು, ಹೊರಬಂದು ರೇಲಿಂಗ್ ಕೆಲಸ ನೋಡುತ್ತ ನಿಂತರು. ಬೇಕರಿಯಾಕೆ ಮೂಗು ಒರೆಸಿಕೊಂಡು ಹೇಳಿದಳು: "ನಮ್ಮನೆ ಮೆಟ್ಟಿಲಿಗೂ ಇವರೇ ಹಾಕಿದ್ದು. ಸಂದೀಲಿ ಚೆಂಡು ತೂರುತ್ತಾ ಅಂತ ನೋಡಿದ್ರು. ಸಾಲ್ದು ಅಂತ ನನ್ನ ಮಗನ ತಲೇನೂ ಇಟ್ಟು ನೋಡಿದ್ರು!"

ಸಾವಿನ ಮನೆ ಎಂಬುದನ್ನು ಮರೆತು ಜನ ನಕ್ಕರು. ಅಕ್ಕನೂ ನಕ್ಕರು. ನಗುತ್ತ ನಗುತ್ತಲೇ ಒಂಬತ್ತನೆಯ ಕೇಬಲ್‌ನ ಹತ್ತಿರ ಅವರ ಕೈ ನಿಂತುಹೋಯಿತು.

*

ಮೊನ್ನೆ ಬೆಳಗ್ಗೆ ಆಕೆಯೇ ಹೇಳಿದ್ದರು: "ಇವತ್ತು ಮುಗಿಸಿ ಅಂದ್ರೆ ಮುಗಿಸಿ. ನಾಳೆ ಗೀಳೆ ಬೇಡ." ಮಧ್ಯಾಹ್ನ ನೋಡಿದರೆ ಗಂಡ ಡೆಕ್ ಮೇಲೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. "ನಿದ್ದೆ ಹೊಡೀತಿದೀರಾ? ಎಷ್ಟು ಸೋಮಾರಿತನ ನಿಮ್ಮದು!" ಎಂದು ಹತ್ತು ನಿಮಿಷ ಬೈದರು. ಗಂಡ ಒಂದಕ್ಕೂ ಎದುರಾಡಲಿಲ್ಲ. ಆಗ ಆಕೆಗೆ ಅನುಮಾನ ಬಂತು.

*

"ನಾನೇ ಆತುರಪಡಿಸಿದೆ ಕಣೇ," ಎಂದರು ಮಗಳಿಗೆ, ಬೇರೆ ಯಾರಿಗೂ ಕೇಳದ ಹಾಗೆ. "ಸುಮ್ನೆ ಬಿಟ್ಟಿದ್ರೆ ಇನ್ನೂ ನಾಲ್ಕು ದಿನ ಇರ್ತಿದ್ರೋ ಏನೋ. ಕೊನೇ ಮಾತೂ ಬೈಗುಳಾನೇ ಆಗ್ಹೋಯ್ತು."

ಮಗಳು ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಅವತ್ತು ಹನ್ನೊಂದು ಗಂಟೆಗೆ ಅಪ್ಪ ಫೋನ್ ಮಾಡಿದ್ರು. ಕೆಲಸ ಎಲ್ಲಿಗೆ ಬಂತು ಅಂತ ಕೇಳ್ದೆ. 'ನಿಮ್ಮಮ್ಮ ಬೆಳಗ್ಗೆಯಿಂದ ಬೈತಿದಾಳೆ, ಕೆಲಸ ಬಲು ಚೆನ್ನಾಗಿ ಸಾಗ್ತಿದೆ. ಅವಳು ಸುಮ್ನಾದ್ರೆ ನನಗೆ ಕೈಯೇ ಓಡಲ್ಲ' ಅಂದ್ರು. ನಗ್ತಾ ಇದ್ರು ಅಮ್ಮ."

"ನಿಜವಾಗ್ಲೂ ನಗ್ತಿದ್ರಾ?"

"ಕೆಮ್ಮು ಬರೋವಷ್ಟು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಲೆಯೆತ್ತಿ ತಮ್ಮನ ಮೇಲೆ ಹರಿಹಾಯ್ದರು: "ಏನೋ ನೋಡ್ತಾ ನಿಂತಿದೀಯ? ಒಂಬತ್ತು ಯಾರು ಬಿಗೀತಾರೆ, ನಿನ್ನ ಬಸ್ಸಿನ ಕಂಡಕ್ಟರಾ?"

ಒಂಬತ್ತಾಯಿತು. ಮೊದಲನೆಯದೂ ಹತ್ತನೆಯದೂ ಆದವು. ವ್ಯಾನ್ ಬಂದಾಗ ಮೂರೂ ಐವತ್ತು.

ಅಕ್ಕ ಮುಂದಿನ ಸೀಟಿನಲ್ಲಿ ಕೂತರು, ಗಂಡ ಹಿಂದೆ. ತಿರುವಿನಲ್ಲಿ "ಒಂದ್ನಿಮಿಷ ನಿಧಾನ ಮಾಡಪ್ಪ" ಎಂದು ಡ್ರೈವರ್‌ಗೆ ಹೇಳಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಮನೆ ಕಡೆ ನೋಡಿದರು. ವ್ಯಾನ್ ಕಾಣಬೇಕೆಂದು ಒಳಗಿದ್ದವರೂ ಹೊರಗೆ ಬಂದು, ನಲವತ್ತು ಜನವೂ ಒಟ್ಟಿಗೆ ರೇಲಿಂಗಿಗೆ ಒರಗಿ ನಿಂತಿದ್ದರು. ಮೇಷ್ಟ್ರಂತೂ ಹೊಟ್ಟೆಯ ಭಾರವನ್ನೆಲ್ಲ ಅದರ ಮೇಲೆ ಹೇರಿ ಕೈ ಬೀಸುತ್ತಿದ್ದರು.

"ಬಗ್ಗಿಲ್ಲ ಕಣ್ರೀ," ಎಂದರು ಅಕ್ಕ, ಹಿಂದಕ್ಕೆ ತಿರುಗಿ.