ಅರ್ಧ ಬಟ್ಟಲು ಚಹಾ

ಬೆಟ್ಟದಿಂದ ಇಳಿದು ಬಂದ ದಿನ ಚಿನಾರಾಳ ಬೆರಳಿನ ಗಿಣ್ಣುಗಳೆಲ್ಲ ಒಡೆದು ರಕ್ತ ಜಿನುಗುತ್ತಿತ್ತು. ಹನ್ನೊಂದು ದಿನ ಕಶ್ಕಾ-ತೊರ್ ಹಿಮನದಿಯ ಮೇಲೆ ಕೈಬೈರಿಗೆ ತಿರುಗಿಸಿ ಮಂಜಿನ ಅಳತೆಯ ಕೋಲು ನೆಟ್ಟಿದ್ದಳು. ಬೂಟಿನೊಳಗೆ ನೀರು, ಡೇರೆಯೊಳಗೆ ಗಾಳಿ, ಹೊಟ್ಟೆಯೊಳಗೆ ಒಣರೊಟ್ಟಿ. ತಾನು ಕೆಲಸ ಮಾಡುವ ಬಿಷ್ಕೆಕ್‌ನ ಪರ್ವತ ವಿಜ್ಞಾನ ಸಂಸ್ಥೆಗೆ ಬಂದು ಬೆನ್ನಿನ ಚೀಲ ಇನ್ನೂ ಇಳಿಸಿರಲಿಲ್ಲ, ನಿರ್ದೇಶಕರ ಕೋಣೆಯಿಂದ ಕರೆ ಬಂತು.

ಅಳತೆ ಏನಾಯಿತು ಎಂದು ಕೇಳುವುದಕ್ಕಲ್ಲ. ಅತಿಥಿಗಳು ಬಂದಿದ್ದರು, ಚಹಾ ಬಗ್ಗಿಸಬೇಕಿತ್ತು.

ಒಡೆದ ಬೆರಳು ಜಾರಿ ಚಹಾ ಬಟ್ಟಲಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಯಿತು. ನಿರ್ದೇಶಕ ಕುಬಾನ್ ಇಸಾಕೊವಿಚ್ ಹುಬ್ಬು ಏರಿಸಿದರು.

"ಏನಮ್ಮಾ ಮಗಳೇ, ಬಟ್ಟಲು ತುಂಬಿಸ್ತಿದೀಯ? ಎದ್ದು ಹೋಗಿ ಅಂತ ಹೇಳ್ತಿದೀಯಾ?"

ಅತಿಥಿಗಳು ಹೊಟ್ಟೆ ಹಿಡಿದು ನಕ್ಕರು. ಅರ್ಧ ಬಟ್ಟಲು ಅಂದರೆ ಕೂತಿರಿ, ಮತ್ತೆ ಹಾಕುತ್ತೇನೆ ಎಂದು. ತುಂಬಿದ ಬಟ್ಟಲು ಅಂದರೆ ಕುಡಿದು ಜಾಗ ಖಾಲಿ ಮಾಡಿ ಎಂದು. ಅಲ್ಲಿಯ ಮನೆಗಳಲ್ಲಿ ಹಾಲುಹಲ್ಲು ಬೀಳುವ ಮೊದಲೇ ಮಕ್ಕಳಿಗೆ ಇದು ಗೊತ್ತಿರುತ್ತದೆ. ಒಂಬತ್ತು ವರ್ಷದ ನೌಕರಿಯಲ್ಲಿ ನಿರ್ದೇಶಕರು ಚಿನಾರಾಗೆ ಕೊಟ್ಟ ಮಾರ್ಗದರ್ಶನ ಇದೊಂದೇ.

ಆ ಚಳಿಗಾಲದಲ್ಲಿ ಸಂಸ್ಥೆಗೆ ಇದ್ದಕ್ಕಿದ್ದಂತೆ ಹೆಣ್ಣುಮಕ್ಕಳ ಮೇಲೆ ಪ್ರೀತಿ ಉಕ್ಕಿತು. ಹೊರದೇಶದ ಯಾವುದೋ ನಿಧಿಯವರು ವಿಜ್ಞಾನದಲ್ಲಿರುವ ಹೆಂಗಸರಿಗೆ ನೆರವು ಕೊಡುತ್ತೇವೆ, ಆದರೆ ಅದಕ್ಕೊಂದು ಸಂಘ ಇರಬೇಕು ಎಂದಿದ್ದರು. ಸಂಘ ಮೂರೇ ದಿನದಲ್ಲಿ ಹುಟ್ಟಿತು. ಹೆಸರು 'ಪರ್ವತ ವಿಜ್ಞಾನದ ಮಹಿಳೆಯರ ಬೆಂಬಲ ಸಂಘ'. ಅಧ್ಯಕ್ಷರು ಕುಬಾನ್ ಇಸಾಕೊವಿಚ್. ಕಾರ್ಯದರ್ಶಿ ಅವರ ಅಳಿಯ ಎಲ್ದಾರ್. ಇವರಿಬ್ಬರೂ ಸೇರಿ ಮಾರ್ಗದರ್ಶಕರು ಐದು ಜನ, ಐವರಿಗೂ ಮೀಸೆ.

"ಒಬ್ಬ ಹೆಂಗಸೂ ಸಿಗಲಿಲ್ವಾ?" ಎಂದು ಕೇಳಿದವಳು ಬುರುಲ್. ಅರವತ್ತು ದಾಟಿದ ಪ್ರಯೋಗಾಲಯದ ಸಹಾಯಕಿ. ಎಲ್ಲರಿಗೂ ಎಜೆ, ಅಕ್ಕ.

"ನಿಯಮ ಅಂದ್ರೆ ನಿಯಮ, ಎಜೆ. ಮಾರ್ಗದರ್ಶಕರಿಗೆ ಡಾಕ್ಟರೇಟ್ ಇರಬೇಕು," ಎಂದ ಎಲ್ದಾರ್. "ನಮ್ಮಲ್ಲಿ ಡಾಕ್ಟರೇಟ್ ಆದ ಹೆಂಗಸರೇ ಇಲ್ವಲ್ಲ. ನಾವೇನು ಮಾಡೋಣ?"

"ಯಾಕಿಲ್ಲ ಅಂತ ನಿಮ್ಮ ಮಾವನ್ನ ಕೇಳಪ್ಪ. ನನ್ನ ಮೂವತ್ತು ವರ್ಷದ ಅಳತೆ ತಗೊಂಡು ಮೂವರು ಗಂಡಸರು ಡಾಕ್ಟರ್ ಆದ್ರು. ಮೊದಲನೆಯವರು ಅವರೇ."

ಎಲ್ದಾರ್‌ಗೆ ಅಷ್ಟು ಹೊತ್ತಿಗೆ ಫೋನ್ ಬಂತು. ಫೋನ್ ಮೊಳಗಿದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ.

ಚಿನಾರಾಳ ಮಾರ್ಗದರ್ಶಕ ಎಲ್ದಾರನೇ. ಅವನು ಹಿಮನದಿಯ ವಿದ್ವಾಂಸ. ಆದರೆ ಹಿಮನದಿಗೆ ಹೋದವನಲ್ಲ. ಎತ್ತರಕ್ಕೆ ಹೋದರೆ ತಲೆ ಸುತ್ತುತ್ತದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಬೆಟ್ಟವೇ ಡೊಂಕು.

ಮೊದಲ ಭೇಟಿಯಲ್ಲೇ ಎಲ್ದಾರ್ ಹೇಳಿದ: "ನಿಮ್ಮ ಒಂಬತ್ತು ವರ್ಷದ ಅಳತೆ ಎಲ್ಲ ನನಗೆ ಕೊಡಿ. ಸಂಘದ ನಿಯಮ. ಪ್ರಬಂಧ ನಾನು ಚೆನ್ನಾಗಿ ಮಾಡಿ, ಬೇಸಿಗೇಲಿ ಹೊರದೇಶದ ಸಮ್ಮೇಳನದಲ್ಲಿ ಓದ್ತೀನಿ."

"ನೀವು ಓದ್ತೀರಾ? ಆಹ್ವಾನ ಬಂದಿರೋದು ಮಹಿಳಾ ವಿಜ್ಞಾನಿಗೆ."

"ಮಹಿಳಾ ವಿಜ್ಞಾನಿಯ ಪರವಾಗಿ ಮಾರ್ಗದರ್ಶಕ. ನಿಮಗೆ ಚಿಕ್ಕ ಮಗು ಇದೆ, ಅತ್ತೆ ಇದಾರೆ. ನಿಮಗೆ ತೊಂದರೆ ಯಾಕೆ? ಕೊನೇಲಿ ನಿಮ್ಮ ಹೆಸರಿಗೆ ಧನ್ಯವಾದ ಹಾಕಿರ್ತೀನಿ."

ಆ ಅಳತೆಗಳ ಮೇಲೇ ಚಿನಾರಾಳ ಡಾಕ್ಟರೇಟ್ ನಿಂತಿತ್ತು. ಒಮ್ಮೆ ಅವು ಎಲ್ದಾರ್ ಹೆಸರಲ್ಲಿ ಅಚ್ಚಾದರೆ ಅವಳದೇ ಒಂಬತ್ತು ಬೇಸಿಗೆಗೆ ಅವಳೇ ಕಳ್ಳಿಯಾಗುತ್ತಾಳೆ. ಕೊಡುವುದಿಲ್ಲ ಎಂದರೆ ಮುಂದಿನ ಬೇಸಿಗೆಗೆ ಬೆಟ್ಟಕ್ಕೆ ಕಳಿಸುವ ಕಾಗದಕ್ಕೆ ಸಹಿ ಬೀಳುವುದಿಲ್ಲ.

ಆ ತಿಂಗಳ ಶೆರಿನೆ ಬುರುಲ್ ಎಜೆಯ ಮನೆಯಲ್ಲಿತ್ತು. ಸಂಸ್ಥೆಯ ಹದಿನಾಲ್ಕು ಹೆಂಗಸರು ತಿಂಗಳಿಗೊಬ್ಬರ ಮನೆಯಲ್ಲಿ ಸೇರಿ ಉಂಡು, ಹರಟಿ, ಹಾಡಿ ಏಳುವ ಕೂಟ. ಗಂಡಂದಿರ ಲೆಕ್ಕದಲ್ಲಿ ಅದು ಕಾಡುಹರಟೆ. ನಿಜ ಹೇಳಬೇಕೆಂದರೆ, ಬೈರಿಗೆಯ ಹಲ್ಲಿಗೆ ಸಾಣೆ ಹಿಡಿಯುವುದನ್ನು ಚಿನಾರಾ ಕಲಿತಿದ್ದು ಈ ಮನೆಯ ಅಡುಗೆಕೋಣೆಯಲ್ಲಿ. ಇಂಗ್ಲಿಷ್ ಬಲ್ಲ ಮೀರಿಮ್ ಎಂಬ ಹುಡುಗಿ ಎಲ್ಲರ ಪ್ರಬಂಧ ತಿದ್ದುತ್ತಿದ್ದುದೂ ಇದೇ ಜಮಖಾನದ ಮೇಲೆ ಕೂತು. ಈ ಸಂಘಕ್ಕೆ ಅಧ್ಯಕ್ಷರಿರಲಿಲ್ಲ, ಬ್ಯಾನರ್ ಇರಲಿಲ್ಲ.

"ಕೊಡು ಕಣೆ," ಎಂದಳು ಬುರುಲ್ ಎಜೆ, ಬಾಣಲೆಯಿಂದ ಗೋಧಿಹಿಟ್ಟಿನ ಬೋರ್ಸೊಕ್ ಎತ್ತುತ್ತ. "ಅಂಕಿಗಳ ಪಟ್ಟಿ ಕೊಡು. ಬೆಟ್ಟದಲ್ಲಿ ಬರೆದ ನೋಟ್‌ಬುಕ್ ಮಾತ್ರ ಕೊಡಬೇಡ. ನಾನು ಅವತ್ತು ಇವನ ಮಾವನಿಗೆ ನೋಟ್‌ಬುಕ್ಕನ್ನೂ ಕೊಟ್ಟು ಕೈ ತೊಳ್ಕೊಂಡೆ."

"ಅಂಕಿ ಕೊಟ್ಮೇಲೆ ಇನ್ನೇನು ಉಳೀತು, ಎಜೆ?"

"ಅಂಕಿ ಯಾವನು ಬೇಕಾದ್ರೂ ನಕಲು ಮಾಡ್ತಾನೆ. ಯಾವ ಕೋಲಿಗೆ ಏನಾಯ್ತು ಅನ್ನೋದು ನೆಟ್ಟೋಳಿಗೇ ಗೊತ್ತು."

ಚಿನಾರಾ ಪಟ್ಟಿ ಕೊಟ್ಟಳು. ಮೋಸ ಮಾಡಲಿಲ್ಲ. ನಾಲ್ಕನೇ ಕೋಲಿನ ಸಾಲಿನಲ್ಲಿ ಒಂದು ನಕ್ಷತ್ರ ಗುರುತು ಹಾಕಿ, ಕೆಳಗೆ 'ನೋಟ್‌ಬುಕ್ ನೋಡಿ, ನನ್ನನ್ನು ಕೇಳಿ' ಎಂದು ಬರೆದಿದ್ದಳು. ಎಲ್ದಾರ್ ನೋಡಲೂ ಇಲ್ಲ, ಕೇಳಲೂ ಇಲ್ಲ.

ಮಾರ್ಚ್ ಏಳು, ಮಹಿಳಾ ದಿನದ ಹಿಂದಿನ ದಿನ, ಸಂಘದ ಉದ್ಘಾಟನೆ. ಮಹಿಳೆಯರ ಗೌರವಾರ್ಥ ಮಹಿಳೆಯರೇ ಬೆಳಿಗ್ಗೆ ಆರಕ್ಕೆ ಬಂದು ಬೋರ್ಸೊಕ್ ಕರಿದರು, ಕುರ್ಚಿ ಹಾಕಿದರು, ಚಹಾದ ಹಂಡೆ ಸಮೋವರ್ ಉಜ್ಜಿದರು. ನಿಧಿಯ ಕಡೆಯಿಂದ ಹೊರದೇಶದ ಮೇಡಂ ಬಂದರು. ಅವರ ಪಕ್ಕ ಮೀರಿಮ್ ಅನುವಾದಕ್ಕೆ ಕೂತಳು. ಪ್ರತಿ ಹೆಂಗಸಿಗೂ ಒಂದೊಂದು ಟ್ಯೂಲಿಪ್ ಹೂವು. ಅಧ್ಯಕ್ಷರು 'ಹೆಣ್ಣು, ಒಲೆ ಮತ್ತು ವಿಜ್ಞಾನ' ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದರು. ಒಲೆಗೆ ಮೂವತ್ತೆಂಟು ನಿಮಿಷ ಹೋಯಿತು.

ಆಮೇಲೆ ಎಲ್ದಾರ್ ಎದ್ದ. ಪರದೆಯ ಮೇಲೆ ಚಿನಾರಾಳ ಒಂಬತ್ತು ಬೇಸಿಗೆಗಳು ಬಣ್ಣಬಣ್ಣದ ಗೆರೆಗಳಾಗಿ ಮೂಡಿದವು. ಕೆಳಗೆ ಎಲ್ದಾರ್ ಹೆಸರು.

"ನೋಡಿ, ಸಂತೋಷದ ಸುದ್ದಿ! ನಾಲ್ಕನೇ ಕೋಲಿನ ಹತ್ತಿರ ಮಂಜು ಕರಗಿಲ್ಲ, ಒಂದೇ ವರ್ಷದಲ್ಲಿ ಎರಡು ಮೀಟರ್ ಬೆಳೆದಿದೆ. ಕೆಳಗಿನ ಹಳ್ಳಿಯವರು ಮಂಜು ಕರಗಿ ತುಂಬಿರೋ ಸರೋವರ ಒಡೆಯುತ್ತೆ ಅಂತ ಹೆದರಬೇಕಾದ್ದಿಲ್ಲ."

ಗಂಡಸರು ಚಪ್ಪಾಳೆ ತಟ್ಟಿದರು. ಚಿನಾರಾ ಚಹಾದ ಮೇಜಿನ ಹತ್ತಿರ ನಿಂತಲ್ಲೇ ಹೇಳಿದಳು:

"ಬೆಳೆದಿಲ್ಲ. ಆ ಕೋಲು ಬಿದ್ದೋಗಿತ್ತು."

ಸಭೆ ತಿರುಗಿ ನೋಡಿತು.

"ಮಂಜು ಕರಗಿದಷ್ಟೂ ಕೋಲು ಹೊರಗೆ ಕಾಣುತ್ತೆ, ಅದನ್ನ ಅಳೀತೀವಿ. ಐದನೇ ಬೇಸಿಗೇಲಿ ಅಷ್ಟು ಕರಗಿ ಕೋಲೇ ಬಿತ್ತು. ನಾನು ಮತ್ತೆ ಆಳಕ್ಕೆ ನೆಟ್ಟೆ. ಅದಕ್ಕೇ ಹೊರಗೆ ಕಡಿಮೆ ಕಾಣ್ತಿದೆ. ಎಲ್ಲದಕ್ಕಿಂತ ಜೋರಾಗಿ ಕರಗ್ತಿರೋ ಜಾಗ ಅದೇ. ನಕ್ಷತ್ರ ಗುರುತು ಹಾಕಿದ್ನಲ್ಲ, ಎಲ್ಲೋಯ್ತು?"

"ಪರದೆ ಮೇಲೆ ಚೆನ್ನಾಗಿ ಕಾಣಲ್ಲ ಅಂತ ತೆಗೆದೆ," ಎಂದ ಎಲ್ದಾರ್. ಅಂದಮೇಲೆ ಅಂದದ್ದು ಏನೆಂದು ಅವನಿಗೇ ಹೊಳೆಯಿತು.

ಹಿಂದಿನ ಸಾಲಿನಲ್ಲಿ ಬುರುಲ್ ಎಜೆ ಕಿಸಕ್ಕನೆ ನಕ್ಕಳು. ಕುಬಾನ್ ಇಸಾಕೊವಿಚ್ ನಗುಮುಖ ಕೆಡಿಸಿಕೊಳ್ಳಲಿಲ್ಲ. ದೊಡ್ಡವರು.

"ಸಣ್ಣಪುಟ್ಟದ್ದು ಆಮೇಲೆ ನೋಡೋಣ. ಚಿನಾರಾ, ಮಗಳೇ, ಚಹಾ ಆರ್ತಿದೆ. ಹಾಕಮ್ಮ."

ಕೆಳಗಿನ ಹಳ್ಳಿ ಸಣ್ಣಪುಟ್ಟದ್ದಂತೆ! ಚಿನಾರಾ ನಿರ್ದೇಶಕರ ಬಟ್ಟಲು ತೆಗೆದುಕೊಂಡು ಸಮೋವರ್‌ನ ನಲ್ಲಿ ತಿರುಗಿಸಿದಳು. ಅರ್ಧಕ್ಕೆ ಬಂತು. ನಲ್ಲಿ ನಿಲ್ಲಿಸಲಿಲ್ಲ. ಮುಕ್ಕಾಲಾಯಿತು. ಅಂಚಿಗೆ ಬಂದು, ಇನ್ನೊಂದು ಹನಿ ಬಿದ್ದರೆ ಚೆಲ್ಲುವಂತಾದಾಗ ನಿಲ್ಲಿಸಿದಳು. ಈ ಸಲ ಬೆರಳು ಜಾರಿದ್ದಲ್ಲ. ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, ಅವರ ಮುಂದಿಟ್ಟಳು.

ಬುರುಲ್ ಎಜೆ ಎದ್ದು ಬಂದಳು. ಎಲ್ದಾರನ ಬಟ್ಟಲು ತುಂಬಿಸಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಐದು ಮೀಸೆಗಳ ಮುಂದೆ ಐದು ತುಂಬಿದ ಬಟ್ಟಲು ಹಬೆಯಾಡಿದವು.

ಹೊರದೇಶದ ಮೇಡಂಗೆ ಖುಷಿಯೋ ಖುಷಿ. ಏನೋ ಹೇಳಿದರು.

"ಎಷ್ಟು ಧಾರಾಳ ಮನಸ್ಸು ನಿಮ್ಮದು, ನನಗೂ ಹಾಗೇ ತುಂಬಿಸಿ ಕೊಡಿ ಅಂತಿದಾರೆ," ಎಂದಳು ಮೀರಿಮ್, ತುಟಿ ಕಚ್ಚಿಕೊಂಡು.

"ಬಾಯಿಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನಬಾರದು," ಎಂದು ಬುರುಲ್ ಎಜೆ ಅವರದನ್ನೂ ಅಂಚಿನವರೆಗೆ ತುಂಬಿಸಿದಳು. "ಅರ್ಥ ಏನು ಅಂತ ಆಮೇಲೆ ಹೇಳಮ್ಮ ಅವರಿಗೆ. ಕೋಲಿನ ವಿಷಯಾನೂ ಹೇಳು. ಸಕ್ಕರೆ ಬೆರೆಸಬೇಡ, ಹೇಳಿದ ಹಾಗೇ ಹೇಳು."

ಮೀರಿಮ್ ಹೇಳಿದಳು. ಮೇಡಂ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. ಬಟ್ಟಲು ಕೆಳಗಿಟ್ಟರು. ಹೆಂಗಸರು ಟ್ಯೂಲಿಪ್ ಹೂವುಗಳನ್ನು ಮೇಜಿನ ಮೇಲೇ ಬಿಟ್ಟು ಹೊರಟರು.

ಅಲ್ಲಿಗೆ ನ್ಯಾಯ ಸಿಕ್ಕಿತು ಅಂದುಕೊಳ್ಳಬೇಡಿ. ಮೇಡಂ ವಿಷಾದದ ಕಾಗದ ಬರೆದರು, ನೆರವು ಮುಂದುವರಿಯಿತು. ಚಿನಾರಾಳನ್ನು ಮಹಿಳೆಯರ ಗೌರವಕ್ಕೆ ಧಕ್ಕೆ ತಂದಳೆಂದು ಮಹಿಳಾ ಸಂಘದಿಂದ ತೆಗೆದರು. ನಿರ್ಣಯಕ್ಕೆ ಸಹಿ ಹಾಕಿದವರು ಐವರು ಗಂಡಸರು. ಬೆಟ್ಟದ ಕಾಗದಕ್ಕೆ ಸಹಿ ಬೀಳಲೇ ಇಲ್ಲ. ಎಲ್ದಾರ್ ಸಮ್ಮೇಳನಕ್ಕೆ ಹೋದ. ಆದರೆ ಅವನಿಗಿಂತ ಮೊದಲೇ ಒಂದು ಪ್ರಬಂಧ ಅಲ್ಲಿಗೆ ತಲುಪಿತ್ತು. ಚಿನಾರಾಳ ಹೆಸರು, ನೋಟ್‌ಬುಕ್ಕಿನ ಪುಟಗಳ ಚಿತ್ರ, ಸಾಕ್ಷಿಗೆ ಹದಿಮೂರು ಹೆಂಗಸರ ಸಹಿ. ಅದರ ಇನ್ನೊಂದು ಪ್ರತಿ, ಊರಿನವರ ಮಾತಿನಲ್ಲಿ ಬರೆದದ್ದು, ಹಿಮನದಿಯ ಕೆಳಗಿನ ಹಳ್ಳಿಯ ಶಾಲೆಯ ಗೋಡೆ ಸೇರಿತು. ಜೂನ್ ತಿಂಗಳಲ್ಲಿ ಆ ಹಳ್ಳಿಯವರೇ ಕುದುರೆ ತಂದು ಚಿನಾರಾಳನ್ನು ಮೇಲಕ್ಕೆ ಕರೆದುಕೊಂಡು ಹೋದರು. ಬೈರಿಗೆ ಬುರುಲ್ ಎಜೆಯ ಮನೆಯದು.

ಅಂದಿನಿಂದ ಸಂಸ್ಥೆಯಲ್ಲಿ ಒಬ್ಬ ಹೆಂಗಸೂ ಸಮೋವರ್ ಮುಟ್ಟಲಿಲ್ಲ. ಮೂರು ದಿನ ಕಾದು, ನಾಲ್ಕನೇ ದಿನ ಕುಬಾನ್ ಇಸಾಕೊವಿಚ್ ಬಾಗಿಲು ಮುಚ್ಚಿಕೊಂಡು ತಮಗೆ ತಾವೇ ಚಹಾ ಬಗ್ಗಿಸಿಕೊಂಡರು. ಜೀವಮಾನದಲ್ಲಿ ಅಭ್ಯಾಸವಿಲ್ಲದ ಕೈ. ನಲ್ಲಿ ನಿಲ್ಲಿಸುವಷ್ಟರಲ್ಲಿ ಬಟ್ಟಲು ತುಂಬಿಹೋಗಿತ್ತು.