ಸೌಟು ಹಿಡಿದವನೂ ಸೈನಿಕನೇ

ಹೆಂಡತಿ ಇವತ್ತೂ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದಳು. ಅದು ಮೇಜಿನ ಮೇಲೆ ಹರಿದು ಪಕ್ಕದ ಮನೆಯ ಡ್ರೈವರ್‌ನ ತೊಡೆಗೆ ಇಳಿಯಿತು.

"ಅತ್ತಿಗೆ, ನನ್ನ ಮೇಲೆ ಸಿಟ್ಟಿದ್ರೆ ಬಾಯಲ್ಲಿ ಬೈದುಬಿಡಿ, ಹೀಗೆ ಬೇಯಿಸಬೇಡಿ," ಎಂದು ಅವನು ಪ್ಯಾಂಟು ಒದರಿಕೊಂಡ.

ಅವಳು ನಕ್ಕಳು. ಒರೆಸುವ ಬಟ್ಟೆ ತರಲು ತಿರುಗಿದವಳು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಳು. ಗಂಡ ಕಂಡೂ ಕಾಣದವನಂತೆ ಕೂತಿದ್ದ. ಅವನೀಗ ಒಂದು ಹಾಸ್ಟೆಲ್ಲಿನ ಅಡಿಗೆಯವನು. ಮೊದಲು ಸೇನೆಯಲ್ಲೂ ಅದೇ ಕೆಲಸ ಮಾಡಿ ನಿವೃತ್ತನಾಗಿದ್ದ. ಡ್ರೈವರ್ ಅದೇ ತುಕಡಿಯಲ್ಲಿ ಲಾರಿ ಓಡಿಸಿದವನು.

"ಅತ್ತಿಗೆಯ ಕಣ್ಣು ಡಾಕ್ಟ್ರಿಗೆ ತೋರಿಸಿದ್ಯೇನೋ?" ಎಂದು ಡ್ರೈವರ್ ಗಂಡನನ್ನು ಕೇಳಿದ.

"ವಯಸ್ಸಾಯ್ತು. ಸ್ವಲ್ಪ ಮಂಜು ಇರತ್ತೆ."

"ಮಾಜಿ ಸೈನಿಕರ ಆಸ್ಪತ್ರೆ ಇರೋದು ಯಾಕೆ ಮತ್ತೆ? ನನ್ನ ಬೆನ್ನು ನೋವಿಗೆ ಅಲ್ಲೇ ಔಷಧಿ ಕೊಟ್ಟಿದ್ದು. ಪಿಂಚಣಿ ತಗೊಳ್ಳೋ ನಮ್ಮಂಥವರ ಹೆಂಡ್ತೀರನ್ನೂ ನೋಡ್ತಾರೆ. ಕಾಗದಪತ್ರ ಕೊಟ್ಟು ಕಾರ್ಡ್ ಮಾಡಿಸ್ಕೋಬೇಕು, ಅಷ್ಟೇ."

"ಅದೆಲ್ಲ ಗುಂಡೇಟು ತಿಂದವರಿಗೆ ಕಣೋ. ನಾನು ಈರುಳ್ಳಿ ಹೆಚ್ಚಿದೋನು. ಕಾಲು ಕಳ್ಕೊಂಡು ಬಂದವರ ಹಿಂದೆ ನಿಂತು, ನಂಗೂ ಕೊಡಿ ಅಂತ ಕೈ ಚಾಚ್ಲಾ? ನಾಚಿಕೆ ಆಗತ್ತೆ."

ಡ್ರೈವರ್‌ಗೆ ರೇಗಿತು. "ನಾಚಿಕೆ ನಿಂದು, ಕಣ್ಣು ಅವರದ್ದು. ಆ ಹಿಮದಲ್ಲಿ ನೀನು ಒಲೆ ಹಚ್ಚದೇ ಇದ್ದಿದ್ರೆ ಯಾವ ವೀರ ಎದ್ದು ನಿಲ್ತಿದ್ದ? ದಿನಾ ನಿನ್ನ ಮುಂದೆ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತಿದ್ರಲ್ಲ, ಅವರೆಲ್ಲ ಭಿಕ್ಷುಕರಾ?"

"ಅದು ಅವರ ಪಾಲಿನ ಊಟ."

"ಇದು ನಿನ್ನ ಪಾಲಿಂದು."

ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ ಹೆಂಡತಿ ಮೆಲ್ಲಗೆ ಕೇಳಿದಳು: "ಇಂಥ ಆಸ್ಪತ್ರೆ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತೇನ್ರೀ?"

ಅವನು ಎದ್ದು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಮೇಜು ಒರೆಸತೊಡಗಿದ. ಅವಳಿಗೆ ಉತ್ತರ ಸಿಕ್ಕಿತು.

ಗಂಡ ಕಾರ್ಡ್ ಮಾಡಿಸಿ ಅವಳನ್ನು ಆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕಣ್ಣಿನ ವೈದ್ಯೆ ಬಹಳ ಹೊತ್ತು ಪರೀಕ್ಷಿಸಿದರು. "ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಬಲಗಣ್ಣಿನ ನರ ಹಾಳಾಗಿದೆ. ಹೋದ ದೃಷ್ಟಿ ವಾಪಸ್ ಬರಲ್ಲ. ಎಡಗಣ್ಣಿಗೆ ತಪ್ಪದೆ ಹನಿ ಹಾಕಿ, ಉಳಿಸಿಕೊಳ್ಳೋಕೆ ನೋಡೋಣ. ಇಷ್ಟು ದಿನ ಯಾಕಮ್ಮ ಬರಲಿಲ್ಲ?"

"ನಾನೇ ಬರಲ್ಲ ಅಂತ ಹಟ ಹಿಡಿದಿದ್ದೆ," ಎಂದಳು ಅವಳು.

ಗಂಡನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

"ಸುಳ್ಳು, ಡಾಕ್ಟ್ರೇ. ಗೊತ್ತಿದ್ದೂ ನಾನೇ ಕರ್ಕೊಂಡು ಬರ್ಲಿಲ್ಲ," ಎಂದ. "ಹನಿ ಹೇಗೆ ಹಾಕ್ಬೇಕು, ನನಗೆ ತೋರಿಸ್ಕೊಡಿ."

ಸೇನೆಯಿಂದ ಮನೆಗೆ ಬಂದವರೇ, ಇದು ನಿಮಗೇ ಹೇಳುತ್ತಿರುವ ಮಾತು. ನೀವು ಅಡಿಗೆ ಮಾಡಿರಲಿ, ಕ್ಷೌರ ಮಾಡಿರಲಿ, ಲಾರಿ ತೊಳೆದಿರಲಿ, ಸೇವೆ ಸೇವೆಯೇ. ನಮಗೆ ಸಿಗುವುದಿಲ್ಲ ಎಂದು ನೀವೇ ತೀರ್ಪು ಕೊಟ್ಟುಕೊಂಡು ಮನೆಯಲ್ಲಿ ಕೂರಬೇಡಿ. ಸೇವೆಯ ದಾಖಲೆ ಹಿಡಿದು ಮಾಜಿ ಸೈನಿಕರ ಕಚೇರಿಗೆ ಹೋಗಿ. ನಿಮಗೆ ಯಾವ ಚಿಕಿತ್ಸೆ ಸಿಗುತ್ತದೆ, ಮನೆಯವರಿಗೆ ಯಾವುದು ಸಿಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ಇವತ್ತೇ ಹೋಗಿ. ನಿಮ್ಮ ಸಂಕೋಚಕ್ಕೆ ಹೆಂಡತಿ ಯಾಕೆ ದಂಡ ತೆರಬೇಕು?