ಮಾದರಿ ನೆಲ

ನಮ್ಮ ಗಂಗಾವತಿ ಸೀಮೆಯಲ್ಲಿ ನುಣ್ಣನೆಯ ನೆಲ ಕಂಡರೆ ಸಾಕು, ಭತ್ತ ಹರವದಿದ್ದರೆ ಜನಕ್ಕೆ ಕೈ ತುರಿಸುತ್ತದೆ. ಮೂವತ್ತು ವರ್ಷ ಗಾರೆ ಕಲಸಿ ಗವಂಡಿ ಕೆಲಸ ಮಾಡಿದ ಈ ಮಲಿಕಸಾಬನಿಗೆ ಅಷ್ಟು ಹೊಳೆಯಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸಾಹುಕಾರ ಯಂಕೋಬಪ್ಪನವರ ಕಟ್ಟಿಗೆ ಅಡ್ಡೆಯಲ್ಲಿ ಕುಷ್ಟಗಿ ಕಡೆಯ ದಾಳಿಂಬೆ ತೋಟಗಳಿಗೆ ಕಂಬ ತಯಾರಾಗುತ್ತವೆ. ಗೆದ್ದಲು ಹತ್ತದಂತೆ ಅವನ್ನು ಹಸಿರು ಔಷಧದಲ್ಲಿ ಅದ್ದುತ್ತಾರೆ. ಎತ್ತಿದ ಮೇಲೆ ಎರಡು ದಿನ ವಿಷ ತೊಟ್ಟಿಕ್ಕುತ್ತದೆ. ಅದು ಮಣ್ಣಿಗಿಳಿಯಬಾರದೆಂದು ನನ್ನಿಂದ ಕಾಂಕ್ರೀಟ್ ನೆಲ ಹಾಕಿಸಿದರು. ಸುತ್ತ ಗೇಣೆತ್ತರದ ಕಟ್ಟೆ, ಮೂಲೆಯ ಕಡೆಗೆ ಇಳಿಜಾರು, ಅಲ್ಲೊಂದು ಮುಚ್ಚಿದ ತೊಟ್ಟಿ, ಇಡೀ ನೆಲದ ಮೇಲೆ ತಗಡಿನ ಚಾವಣಿ. ಅಧಿಕಾರಿ ಬಂದರು, ಫೋಟೋ ಹೊಡೆದರು, "ಮಾದರಿ ಕೆಲಸ" ಅಂದರು, ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು ಹೋದರು.

ಕಂಬಗಳು ಸರದಿಯ ಮೇಲೆ ಅಲ್ಲಿ ಎರಡು ವಾರ ಸೋರಿದವು. ಅಷ್ಟರಲ್ಲಿ ಸುಗ್ಗಿ ಬಂತು, ಹಿಂದೆಯೇ ಅಕಾಲ ಮಳೆ. ತೊಟ್ಟಿಯ ಮುಚ್ಚಳ ಸರಿಮಾಡಲು ಹೋಗಿ ನೋಡಿದರೆ, ಹಸಿ ಕಂಬಗಳು ಹೊರಗೆ ಕೆಸರಿನಲ್ಲಿ ಬಿದ್ದಿದ್ದವು. ತಗಡಿನ ಕೆಳಗೆ ಭತ್ತ ರಾಜಮರ್ಯಾದೆಯಿಂದ ಮಲಗಿತ್ತು.

"ಸಾವ್ಕಾರ್ರ, ಇದು ವಿಷ ಸೋರೋ ಜಾಗಾ ಐತ್ರಿ!"

"ಏ ಮಲಿಕಸಾಬ, ಎರಡು ಕೊಡ ನೀರು ಹಾಕಿ ತೊಳಿಸೀನಿ ಬಿಡು. ಭಾಳ ಛಲೋ ನೆಲ ಹಾಕೀಯಪಾ, ಒಂದು ಕಾಳೂ ಹಾಳಾಗವಲ್ದು."

ಆಹಾ, ಹೊಗಳಿಕೆ! ಸಂತೋಷಕ್ಕೆ ಹೊಟ್ಟೆ ಉರಿಯಿತು.

"ಹಂಗಾರ ಇದನ್ನ ನಿಮ್ಮ ಮನ್ಯಾಗ ಉಣ್ತೀರೇನ್ರಿ?"

"ಹುಚ್ಚ ಅದೀಯೇನು? ನಮ್ಮ ಮನೀದು ಮಾಳಿಗಿ ಮ್ಯಾಲ ತಾಡಪತ್ರಿ ಕೆಳಗ ಐತಿ. ಇದು ಕೊಯ್ಯಾಕ ಬಂದ ಹೆಣ್ಣಾಳಿಗೆ ಕೂಲಿ ಕೊಡೋದು. ನಿನ್ನ ಹೇಣ್ತಿಗೂ ಒಂದು ಚೀಲ ಐತಿ, ಹೊತ್ಕೊಂಡು ಹೋಗು."

ಮಳೆಗೆ ನೆಲಕಚ್ಚಿದ ಭತ್ತವನ್ನು ನನ್ನ ಹೆಂಡತಿ ಫಾತಿಮಾಬೀ ಎಂಟು ದಿನ ಸೊಂಟ ಬಗ್ಗಿಸಿ ಕೊಯ್ದಿದ್ದಳು. ಮನೆಯಲ್ಲಿ ಬಸುರಿ ಮಗಳು ಶಮಾ ಹೊಸ ಅಕ್ಕಿಯ ದಾರಿ ಕಾಯುತ್ತಿದ್ದಳು.

ಮಾತು ಸಾಕೆನಿಸಿತು. ಮೂಲೆಯಲ್ಲಿದ್ದ ಔಷಧದ ಕ್ಯಾನ್ ಎತ್ತಿ ಭತ್ತದ ಮೇಲೆ ಈ ತುದಿಯಿಂದ ಆ ತುದಿವರೆಗೆ ಸುರಿದೆ. ಭತ್ತವೆಲ್ಲ ಗಿಳಿಬಣ್ಣವಾಯಿತು. ಇನ್ನು ಅದನ್ನು ಯಾರ ಚೀಲಕ್ಕೂ ತುಂಬುವಂತಿರಲಿಲ್ಲ.

ಸಾಹುಕಾರರು ಎದೆ ಬಡಿದುಕೊಂಡರು. "ಹಾಳಾಗಿ ಹೋಗಲೇ! ಇನ್ನ ಈ ಕಡೆ ಕಾಲಿಟ್ಟಿ ಅಂದ್ರ ನೋಡು!"

"ಬರಂಗಿಲ್ಲ ಬಿಡ್ರಿ. ಕೆಲಸ ಮುಗೀತು," ಎಂದೆ.

ಹಸಿರು ನೀರು ಇಳಿಜಾರು ಹಿಡಿದು ಸರಿಯಾಗಿ ತೊಟ್ಟಿಗಿಳಿಯಿತು. ಕಟ್ಟೆ ದಾಟಿ ಒಂದು ಹನಿ ಹೊರಬರಲಿಲ್ಲ. ನಿಜಕ್ಕೂ ಮಾದರಿ ಕೆಲಸ. ಎಂಟು ದಿನದ ಬೆವರು ಎಲ್ಲಿಗಿಳಿಯಿತೆಂದು ಫಾತಿಮಾಬೀಗೆ ಹೇಳುವುದೊಂದು ಉಳಿದಿತ್ತು.